ಬಿಂದುವಿನತ್ತ ನಾಲ್ಕು ದಶಕ: ಎಸ್.ಎಚ್. ರಜಾ ತಮ್ಮ ಶೈಲಿ ಕಂಡುಕೊಂಡ ಬಗೆ

ಭಾರತದ ಆಧುನಿಕ ಚಿತ್ರಕಲೆಯಲ್ಲಿ ಸಹಿ ನೋಡದೆಯೇ ಗುರುತು ಹಿಡಿಯಬಹುದಾದ ಚಿತ್ರಗಳು ಕೆಲವಿವೆ. ಸಯ್ಯದ್ ಹೈದರ್ ರಜಾ ಅವರ ‘ಬಿಂದು’ ಚಿತ್ರಗಳು ಆ ಸಾಲಿನಲ್ಲಿ ಮುಂದೆ ನಿಲ್ಲುತ್ತವೆ. ನಡುವೆ ಒಂದು ದೊಡ್ಡ ಕಪ್ಪು ವೃತ್ತ, ಅದರ ಸುತ್ತ ಕೆಂಪು, ಹಳದಿ, ನೀಲಿ, ಬಿಳಿ ಬಣ್ಣಗಳ ಚೌಕ, ತ್ರಿಕೋನ, ಪಟ್ಟಿಗಳು. ಇಷ್ಟು ಕಂಡರೆ ಸಾಕು, ಇದು ಯಾರ ಕೈಯ ಕೆಲಸವೆಂದು ಕಲಾಸಕ್ತರು ಹೇಳಿಬಿಡುತ್ತಾರೆ.

ಆದರೆ ಈ ಗುರುತು ರಜಾ ಅವರಿಗೆ ದಕ್ಕಿದ್ದು ಅರವತ್ತರ ಹೊಸ್ತಿಲಲ್ಲಿ. ಅದಕ್ಕೂ ಮೊದಲೇ ಅವರು ಮುಂಬಯಿಯಲ್ಲಿ ಹೆಸರು ಮಾಡಿದ್ದರು, ಪ್ಯಾರಿಸ್‌ನಲ್ಲಿ ದೊಡ್ಡ ಪ್ರಶಸ್ತಿ ಪಡೆದಿದ್ದರು, ಅವರ ಚಿತ್ರಗಳಿಗೆ ಯುರೋಪಿನಲ್ಲಿ ಕೊಳ್ಳುವವರೂ ಇದ್ದರು. ಕೈ ಪಳಗಿತ್ತು, ಕೀರ್ತಿ ಬಂದಿತ್ತು, ಸ್ವಂತದ್ದೆನ್ನಬಹುದಾದ ಭಾಷೆ ಮಾತ್ರ ಇನ್ನೂ ಬಂದಿರಲಿಲ್ಲ. ಆ ಭಾಷೆ ಎಲ್ಲಿಂದ ಬಂತು, ಅದು ಬರುವುದಕ್ಕೆ ಅಷ್ಟು ಕಾಲ ಏಕೆ ಹಿಡಿಯಿತು ಎಂಬುದನ್ನು ಈ ಲೇಖನ ಹಂತಹಂತವಾಗಿ ನೋಡುತ್ತದೆ. ಸ್ವಂತ ಶೈಲಿಗಾಗಿ ಚಡಪಡಿಸುವ ಪ್ರತಿಯೊಬ್ಬ ಚಿತ್ರಕಲಾ ವಿದ್ಯಾರ್ಥಿಯೂ ತಿಳಿಯಬೇಕಾದ ದಾರಿ ಇದು.

ಹಂತಗಳು ಒಂದೇ ನೋಟದಲ್ಲಿ

- 1940ರ ದಶಕ: ಮುಂಬಯಿಯ ಬೀದಿಗಳು ಮತ್ತು ಕಾಶ್ಮೀರದ ಭೂದೃಶ್ಯಗಳು, ಹೆಚ್ಚಾಗಿ ಜಲವರ್ಣದಲ್ಲಿ.
- 1950–53: ಫ್ರಾನ್ಸ್‌ನ ಊರುಗಳು, ಗಟ್ಟಿ ಜ್ಯಾಮಿತಿ, ಜನರಿಲ್ಲದ ಮನೆಗಳು.
- 1950ರ ದಶಕದ ನಡುವಿನಿಂದ: ದಪ್ಪ ತೈಲವರ್ಣದ ಹಳ್ಳಿ, ಚರ್ಚು, ಮರಗಳು.
- 1962ರ ನಂತರ: ಆಕಾರ ಕರಗಿ ಬಣ್ಣವೇ ಮುಂದಾದ ಅಮೂರ್ತ ಚಿತ್ರಗಳು.
- 1970ರ ದಶಕ: ಅಕ್ರಿಲಿಕ್‌ನಲ್ಲಿ ‘ಜಮೀನ್’, ‘ತಪೋವನ’, ‘ಲಾ ಟೆರ್’, ‘ರಾಜಸ್ಥಾನ’, ಕಪ್ಪು ಬಣ್ಣದ ಮೇಲುಗೈ.
- 1980ರ ಸುಮಾರಿನಿಂದ ಕೊನೆಯವರೆಗೆ: ಬಿಂದು.

ಕಾಡಂಚಿನ ಬಾಲ್ಯ

ರಜಾ ಹುಟ್ಟಿದ್ದು 1922ರ ಫೆಬ್ರವರಿ 22ರಂದು, ಇಂದಿನ ಮಧ್ಯಪ್ರದೇಶದ ಮಂಡ್ಲಾ ಜಿಲ್ಲೆಯಲ್ಲಿ. ನರ್ಮದೆಯ ಸೀಮೆ, ಗೊಂಡರ ನಾಡು. ತಂದೆ ಸಯ್ಯದ್ ಮೊಹಮ್ಮದ್ ರಜಿ ಅರಣ್ಯ ಇಲಾಖೆಯಲ್ಲಿ ನೌಕರರು, ತಾಯಿ ತಾಹಿರಾ ಬೇಗಂ. ಕಾಡಂಚಿನ ಹಳ್ಳಿಗಳಲ್ಲಿ ಹುಡುಗ ಬೆಳೆದ.

ಆ ಬಾಲ್ಯದ ಎರಡು ನೆನಪುಗಳನ್ನು ರಜಾ ಬದುಕಿನುದ್ದಕ್ಕೂ ಹೇಳುತ್ತಿದ್ದರು. ಒಂದು, ಕಾಡಿನ ರಾತ್ರಿ. ಕಣ್ಣಿಗೆ ಏನೂ ಕಾಣದ ಆ ಕತ್ತಲು ಭಯ ಹುಟ್ಟಿಸುತ್ತಿತ್ತು. ಗೊಂಡರು ಬೆಂಕಿಯ ಸುತ್ತ ಕುಣಿಯುವಾಗ ಮಾತ್ರ ಭಯ ಕಳೆಯುತ್ತಿತ್ತು. ಇನ್ನೊಂದು, ಬೆಳಗಾದ ಮೇಲಿನ ಸಂತೆ. ಅಲ್ಲಿನ ಬಣ್ಣಗಳು ರಾತ್ರಿಯ ಹೆದರಿಕೆಯನ್ನು ಮರೆಸಿಬಿಡುತ್ತಿದ್ದವು. ಕಪ್ಪಿನ ಒಡಲಲ್ಲಿ ಉರಿಯುವ ಕೆಂಪು, ಕತ್ತಲನ್ನು ಸೀಳಿ ಬರುವ ಹಳದಿ ಅವರ ಎಪ್ಪತ್ತರ ದಶಕದ ಚಿತ್ರಗಳಲ್ಲಿ ಮತ್ತೆ ಮತ್ತೆ ಕಾಣಿಸುತ್ತವೆ.

ಮೂರನೆಯ ನೆನಪು ಶಾಲೆಯದು. ಪ್ರಾಥಮಿಕ ಶಾಲೆಯಲ್ಲಿ ರಜಾ ಚಂಚಲ ಹುಡುಗ, ಪಾಠದಲ್ಲಿ ಮನಸ್ಸು ನಿಲ್ಲುತ್ತಿರಲಿಲ್ಲ. ಒಂದು ದಿನ ಉಪಾಧ್ಯಾಯ ನಂದಲಾಲ್ ಝಾರಿಯಾ ಶಾಲೆಯ ಗೋಡೆಯ ಮೇಲೆ ಒಂದು ಚುಕ್ಕೆ ಇಟ್ಟು, ಅದನ್ನೇ ನೋಡುತ್ತ ಕೂರಲು ಹೇಳಿದರು. ಬಿಂದು ಚಿತ್ರಗಳ ಮಾತು ಬಂದಾಗೆಲ್ಲ ರಜಾ ಈ ಮೇಷ್ಟ್ರನ್ನು ಗೌರವದಿಂದ ನೆನೆಯುತ್ತಿದ್ದರು.

ರಜಾ ಕುರಿತ ಬರಹಗಳಲ್ಲಿ ಈ ಪ್ರಸಂಗ ತಪ್ಪದೆ ಬರುತ್ತದೆ. ಬಾಲ್ಯದಲ್ಲಿ ಕಂಡ ಚುಕ್ಕೆಯೇ ಮುಂದೆ ಬಿಂದುವಾಯಿತು ಎಂದು ಅನೇಕರು ಕಥೆಯನ್ನು ಅಲ್ಲಿಗೇ ಮುಗಿಸಿಬಿಡುತ್ತಾರೆ. ಆದರೆ ಗೋಡೆಯ ಚುಕ್ಕೆಗೂ ಕ್ಯಾನ್ವಾಸಿನ ಬಿಂದುವಿಗೂ ನಡುವೆ ಸುಮಾರು ಐದು ದಶಕಗಳಿವೆ. ಶೈಲಿಯ ನಿಜವಾದ ಕಥೆ ಇರುವುದು ಆ ದಶಕಗಳಲ್ಲಿ.

ನಾಗಪುರ, ಮುಂಬಯಿ: ಕಣ್ಣೆದುರಿನ ಬೀದಿ

ದಮೋಹ್‌ನಲ್ಲಿ ಹೈಸ್ಕೂಲು ಮುಗಿಸಿದ ರಜಾ 1939ರಿಂದ 1943ರವರೆಗೆ ನಾಗಪುರದ ಕಲಾಶಾಲೆಯಲ್ಲಿ ಕಲಿತರು. ನಂತರ ಮುಂಬಯಿಗೆ ಬಂದರು. ಮಹಾನಗರದಲ್ಲಿ ಹೊಟ್ಟೆಪಾಡು ಸುಲಭವಿರಲಿಲ್ಲ. ಮುದ್ರಣಕ್ಕೆ ಬ್ಲಾಕ್ ತಯಾರಿಸುವ ಸ್ಟುಡಿಯೊವೊಂದರಲ್ಲಿ ಕೆಲಸಕ್ಕೆ ಸೇರಿ, ಬಿಡುವಿನಲ್ಲಿ ಚಿತ್ರ ಬರೆದರು. ಸರ್ ಜೆ.ಜೆ. ಕಲಾಶಾಲೆಯಲ್ಲೂ ಅಭ್ಯಾಸ ಮಾಡಿದರು.

ಆ ಕಾಲದ ಅವರ ಚಿತ್ರಗಳು ಚಿಕ್ಕವು. ಮಳೆಯಲ್ಲಿ ನೆನೆದ ರಸ್ತೆ, ಜನಸಂದಣಿ, ಕಟ್ಟಡಗಳ ಸಾಲು ಜಲವರ್ಣದ ಹಗುರ ಕುಂಚದಲ್ಲಿ ಮೂಡುತ್ತಿದ್ದವು. ಕಂಡದ್ದನ್ನು ಕಂಡ ಕ್ಷಣದಲ್ಲೇ ಹಿಡಿಯುವ ಚುರುಕು ಅವುಗಳಲ್ಲಿದೆ. ಬಣ್ಣ ನೀರಿನೊಂದಿಗೆ ಹರಿಯುತ್ತದೆ, ಅಂಚುಗಳು ಮಸುಕಾಗುತ್ತವೆ, ಬೆಳಕು ಕಾಗದದಿಂದಲೇ ಹೊಮ್ಮುತ್ತದೆ. ಯುರೋಪಿನಿಂದ ಬಂದು ಮುಂಬಯಿಯಲ್ಲಿ ನೆಲೆಸಿದ್ದ ಮೂವರು ಈ ಹುಡುಗನಲ್ಲಿ ಶಕ್ತಿಯಿದೆ ಎಂದು ಗುರುತಿಸಿದರು: ಕಲಾವಿಮರ್ಶಕ ರುಡಾಲ್ಫ್ ಫಾನ್ ಲೈಡನ್, ಚಿತ್ರಕಾರ ವಾಲ್ಟರ್ ಲ್ಯಾಂಗ್‌ಹ್ಯಾಮರ್, ಕಲಾಸಂಗ್ರಾಹಕ ಎಮಾನ್ಯುಯೆಲ್ ಶ್ಲೆಸಿಂಗರ್. ಯುರೋಪಿನ ಆಧುನಿಕ ಚಿತ್ರಗಳ ಪರಿಚಯ ರಜಾ ಮತ್ತು ಗೆಳೆಯರಿಗೆ ಆದದ್ದು ಬಹುಪಾಲು ಇವರ ಮನೆಗಳಲ್ಲಿ, ಇವರು ತೋರಿಸಿದ ಪುಸ್ತಕಗಳಲ್ಲಿ. 1946ರಲ್ಲಿ ಬಾಂಬೆ ಆರ್ಟ್ ಸೊಸೈಟಿಯ ಸಭಾಂಗಣದಲ್ಲಿ ರಜಾ ಅವರ ಮೊದಲ ಏಕವ್ಯಕ್ತಿ ಪ್ರದರ್ಶನ ನಡೆಯಿತು.

ಪ್ರೋಗ್ರೆಸಿವ್ ಗುಂಪು: ಬೇಡವಾದುದರ ತಿಳಿವು

1947ರಲ್ಲಿ ಎಫ್.ಎನ್. ಸೋಜಾ ಅವರ ಮುಂದಾಳತ್ವದಲ್ಲಿ ಪ್ರೋಗ್ರೆಸಿವ್ ಆರ್ಟಿಸ್ಟ್ಸ್ ಗ್ರೂಪ್ ಹುಟ್ಟಿತು. ರಜಾ, ಎಂ.ಎಫ್. ಹುಸೇನ್, ಕೆ.ಎಚ್. ಆರಾ, ಎಚ್.ಎ. ಗಾಡೆ ಮತ್ತು ಶಿಲ್ಪಿ ಎಸ್.ಕೆ. ಬಾಕ್ರೆ ಅದರ ಮೊದಲ ಸದಸ್ಯರು. ಬ್ರಿಟಿಷ್ ಕಲಾಶಾಲೆಗಳ ಹಳೆಯ ಪಾಠವೂ ಬೇಡ, ಬಂಗಾಳ ಪಂಥದ ಪುರಾಣಮಯ ಭಾವುಕತೆಯೂ ಬೇಡ ಎಂಬುದು ಇವರೆಲ್ಲರ ಒಟ್ಟಭಿಪ್ರಾಯ.

ಈ ಆರು ಮಂದಿಯ ಚಿತ್ರಗಳು ಒಂದರಂತೆ ಒಂದಿರಲಿಲ್ಲ. ಗುಂಪು ಅವರಿಗೆ ಒಂದೇ ಶೈಲಿಯನ್ನು ಕೊಡಲಿಲ್ಲ. ಯಾವುದನ್ನು ಬಿಡಬೇಕೆಂಬ ಧೈರ್ಯ ಕೊಟ್ಟಿತು. ಯುವ ಕಲಾವಿದರಿಗೆ ಗೆಳೆಯರ ಗುಂಪು ಬೇಕಾಗುವುದು ಬಹುಶಃ ಇದಕ್ಕೇ. ಒಬ್ಬರನ್ನೊಬ್ಬರು ಅನುಕರಿಸಿದ್ದರೆ ಭಾರತೀಯ ಕಲೆಗೆ ಹುಸೇನರ ಕುದುರೆಯೂ ಸೋಜಾ ಅವರ ಕಟುವಾದ ಮುಖಗಳೂ ರಜಾ ಅವರ ಬಿಂದುವೂ ಸಿಗುತ್ತಿರಲಿಲ್ಲ.

ಆ ವರ್ಷಗಳು ರಜಾ ಅವರ ಮನೆಗೆ ದುಃಖವನ್ನೂ ತಂದವು. 1947ರಲ್ಲಿ ತಾಯಿ, 1948ರಲ್ಲಿ ತಂದೆ ತೀರಿಕೊಂಡರು. ದೇಶ ಒಡೆದಾಗ ಒಡಹುಟ್ಟಿದವರು ಪಾಕಿಸ್ತಾನಕ್ಕೆ ಹೋದರು, ರಜಾ ಇಲ್ಲಿಯೇ ಉಳಿದರು. ಹುಟ್ಟಿದ ನೆಲದ ಮೇಲಿನ ಅವರ ಹಂಬಲ ಮುಂದೆ ಅಷ್ಟು ತೀವ್ರವಾದುದಕ್ಕೆ ಈ ಅಗಲಿಕೆಗಳೂ ಕಾರಣವಾಗಿರಬೇಕು.

ಕಾಶ್ಮೀರದಲ್ಲಿ ಸಿಕ್ಕ ಎಚ್ಚರಿಕೆ

1948ರಲ್ಲಿ ರಜಾ ಕಾಶ್ಮೀರಕ್ಕೆ ಹೋಗಿ ಅಲ್ಲಿನ ಊರುಗಳನ್ನೂ ಕಣಿವೆಗಳನ್ನೂ ಚಿತ್ರಿಸಿದರು. ಅಲ್ಲಿ ಅವರಿಗೆ ಫ್ರೆಂಚ್ ಛಾಯಾಗ್ರಾಹಕ ಆನ್ರಿ ಕಾರ್ಟಿಯೆ-ಬ್ರೆಸೋ ಭೇಟಿಯಾದರು. ಚಿತ್ರಗಳನ್ನು ನೋಡಿದ ಬ್ರೆಸೋ ಮೆಚ್ಚಿದರು, ಜೊತೆಗೆ ಒಂದು ಕೊರತೆಯನ್ನೂ ತೋರಿಸಿದರು. ಪ್ರತಿಭೆಯಿದೆ, ಆದರೆ ಚಿತ್ರದಲ್ಲಿ ಕಟ್ಟೋಣವಿಲ್ಲ. ಮನೆಗೆ ಅಡಿಪಾಯ, ಗೋಡೆ, ತೊಲೆ ಬೇಕಾದಂತೆ ಚಿತ್ರಕ್ಕೂ ಬೇಕು. ಫ್ರೆಂಚ್ ಚಿತ್ರಕಾರ ಸೆಜಾನ್‌ನನ್ನು ಅಭ್ಯಾಸ ಮಾಡಿ ಎಂಬುದು ಅವರ ಮಾತಿನ ಸಾರ.

ಹೊಗಳಿಕೆಗೆ ಒಗ್ಗಿದ್ದ ಇಪ್ಪತ್ತಾರರ ಯುವಕ ಈ ಮಾತನ್ನು ತಳ್ಳಿಹಾಕಬಹುದಿತ್ತು. ರಜಾ ಅದನ್ನು ಬದುಕಿನ ತಿರುವಾಗಿ ತೆಗೆದುಕೊಂಡರು. ಮುಂಬಯಿಗೆ ಮರಳಿ ಫ್ರೆಂಚ್ ಕಲಿಯಲು ತೊಡಗಿದರು. ಫ್ರೆಂಚ್ ಸರ್ಕಾರದ ವಿದ್ಯಾರ್ಥಿವೇತನ ಪಡೆದು 1950ರಲ್ಲಿ ಹಡಗು ಹತ್ತಿದರು. ತಾನು ಚೆನ್ನಾಗಿ ಮಾಡಬಲ್ಲ ಕೆಲಸದಲ್ಲಿ ಏನಿಲ್ಲವೆಂದು ಕಾಣುವುದು, ಅದನ್ನು ಕಲಿಯಲು ಮತ್ತೆ ವಿದ್ಯಾರ್ಥಿಯಾಗುವುದು ಅವರ ಸ್ವಭಾವವೇ ಆಯಿತು. ಮುಂದೆಯೂ ಅವರು ಹೀಗೆ ಮಾಡಿದ್ದನ್ನು ಕಾಣುತ್ತೇವೆ.

ಪ್ಯಾರಿಸ್: ಚಿತ್ರಕ್ಕೆ ಅಡಿಪಾಯ

1950ರಿಂದ 1953ರವರೆಗೆ ರಜಾ ಪ್ಯಾರಿಸ್‌ನ ರಾಷ್ಟ್ರೀಯ ಲಲಿತಕಲಾ ಶಾಲೆಯಲ್ಲಿ ಕಲಿತರು. ಪುಸ್ತಕದಲ್ಲಷ್ಟೇ ಕಂಡಿದ್ದ ಸೆಜಾನ್, ವಾನ್ ಗೋಗ್ ಚಿತ್ರಗಳ ಮುಂದೆ ನಿಂತು ನೋಡುವ ಅವಕಾಶ ಸಿಕ್ಕಿತು. ಅದೇ ಶಾಲೆಯಲ್ಲಿ ಪರಿಚಯವಾದ ಕಲಾವಿದೆ ಜಾನೀನ್ ಮೊಂಜಿಲಾ ಅವರನ್ನು 1959ರಲ್ಲಿ ಮದುವೆಯಾದರು.

ಮೊದಲ ವರ್ಷಗಳ ಚಿತ್ರಗಳಲ್ಲಿ ಬದಲಾವಣೆ ಎದ್ದು ಕಾಣುತ್ತದೆ. 1951ರ ‘ಓ ದ ಕಾನ್ಯ್’ ಇದಕ್ಕೆ ಒಳ್ಳೆಯ ನಿದರ್ಶನ. ದಕ್ಷಿಣ ಫ್ರಾನ್ಸ್‌ನ ಗುಡ್ಡದೂರಿನ ಚಿತ್ರ ಅದು. ಮುಂಬಯಿಯ ಜಲವರ್ಣದಲ್ಲಿ ಹರಿಯುತ್ತಿದ್ದ ಅಂಚುಗಳು ಇಲ್ಲಿ ಚೂಪಾಗಿವೆ. ಮನೆಗಳು ಒಂದಕ್ಕೊಂದು ಒತ್ತಿಕೊಂಡ ಚಪ್ಪಟೆ ಆಕೃತಿಗಳಾಗಿವೆ. ಬೀದಿಯಲ್ಲಿ ಜನರಿಲ್ಲ. ಈ ಅವಧಿಯ ಕೆಲವು ಚಿತ್ರಗಳಲ್ಲಿ ಊರಿನ ಮೇಲೆ ಒಂದು ಕಪ್ಪು ಸೂರ್ಯ ತೂಗುತ್ತಾನೆ.

ಆ ಕಪ್ಪು ಸೂರ್ಯನಲ್ಲಿ ಬಿಂದುವಿನ ಮುನ್ಸೂಚನೆಯನ್ನು ಕಾಣುವವರಿದ್ದಾರೆ. ಆಗ ಅದು ಆಕಾಶದ ಒಂದು ವಸ್ತು ಮಾತ್ರ, ಚಿತ್ರದ ಕೇಂದ್ರವಲ್ಲ. ವೃತ್ತ ಕೈಗೆ ಬಂದಿತ್ತು, ಅದರ ಮೇಲೆ ಇಡೀ ಚಿತ್ರವನ್ನು ನಿಲ್ಲಿಸುವ ಕಾರಣ ಇನ್ನೂ ಬಂದಿರಲಿಲ್ಲ. ಆಕಾರವೊಂದು ಸಿಕ್ಕ ಮಾತ್ರಕ್ಕೆ ಶೈಲಿ ಸಿಕ್ಕಂತಾಗುವುದಿಲ್ಲ ಎಂಬುದು ಈ ಚಿತ್ರಗಳಿಂದ ಸ್ಪಷ್ಟವಾಗುತ್ತದೆ.

1956: ಪ್ರಶಸ್ತಿ ಬಂದ ಹೊತ್ತು

ಐವತ್ತರ ದಶಕದ ನಡುವೆ ರಜಾ ತೈಲವರ್ಣಕ್ಕೆ ಹೊರಳಿದರು. ಬಣ್ಣವನ್ನು ದಪ್ಪವಾಗಿ ಮೆತ್ತಿ, ಚಾಕುವಿನಿಂದ ಎಳೆದು, ಕ್ಯಾನ್ವಾಸಿನ ಮೇಲೆ ಏರುತಗ್ಗು ಹುಟ್ಟಿಸಿದರು. ಹಳ್ಳಿ, ಚರ್ಚಿನ ಗೋಪುರ, ಮರ, ಹೊಲ ಎಲ್ಲವೂ ಬಣ್ಣದ ಗಡ್ಡೆಗಳಾಗಿ ಕ್ಯಾನ್ವಾಸಿನಿಂದ ಮೇಲೆದ್ದವು. ಮುಂಬಯಿಯಲ್ಲಿ ಬಣ್ಣ ಬೆಳಕಾಗಿತ್ತು, ಇಲ್ಲಿ ಅದು ತೂಕವುಳ್ಳ ವಸ್ತುವಾಯಿತು.

1956ರಲ್ಲಿ ಪ್ಯಾರಿಸ್‌ನ ವಿಮರ್ಶಕರು ಕೊಡುವ ‘ಪ್ರೀ ದ ಲಾ ಕ್ರಿಟಿಕ್’ ಪ್ರಶಸ್ತಿ ರಜಾ ಅವರಿಗೆ ಸಂದಿತು. ಫ್ರೆಂಚರಲ್ಲದ ಕಲಾವಿದರೊಬ್ಬರಿಗೆ ಅದು ದೊರೆತದ್ದು ಅದೇ ಮೊದಲು. ಆಗ ಅವರಿಗೆ 34 ವರ್ಷ. ಗ್ಯಾಲರಿ ಇತ್ತು, ಕೊಳ್ಳುವವರಿದ್ದರು, ಪತ್ರಿಕೆಗಳಲ್ಲಿ ಹೆಸರು ಬರುತ್ತಿತ್ತು. ಈ ಬಗೆಯ ಚಿತ್ರಗಳನ್ನೇ ಬರೆಯುತ್ತ ಸುಖವಾಗಿ ಇದ್ದುಬಿಡಲು ಅವರಿಗೆ ಯಾವ ಅಡ್ಡಿಯೂ ಇರಲಿಲ್ಲ.

ಶೈಲಿಯ ವಿಚಾರದಲ್ಲಿ ಕಲಾವಿದರಿಗೆ ಎದುರಾಗುವ ಅತಿ ಕಷ್ಟದ ಘಟ್ಟ ಇದೇ. ಸೋಲು ಬದಲಾಯಿಸಲು ಒತ್ತಾಯಿಸುತ್ತದೆ, ಗೆಲುವು ಹಾಗೆ ಮಾಡುವುದಿಲ್ಲ. ಮಾರುಕಟ್ಟೆ ಮೆಚ್ಚಿದ್ದನ್ನು ಬಿಟ್ಟು ಮುಂದೆ ಹೋಗಬೇಕಾದರೆ ಒಳಗಿನಿಂದಲೇ ಒಂದು ಅತೃಪ್ತಿ ಏಳಬೇಕು.

ಬರ್ಕ್ಲಿ ಮತ್ತು ರಾಥ್ಕೊ: ಆಕಾರ ಕರಗಿದಾಗ

1962ರಲ್ಲಿ ರಜಾ ಅತಿಥಿ ಉಪನ್ಯಾಸಕರಾಗಿ ಅಮೆರಿಕದ ಬರ್ಕ್ಲಿಯಲ್ಲಿರುವ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯಕ್ಕೆ ಹೋದರು. ಮಾರ್ಕ್ ರಾಥ್ಕೊ, ಸ್ಯಾಮ್ ಫ್ರಾನ್ಸಿಸ್, ಹಾನ್ಸ್ ಹಾಫ್‌ಮನ್ ಮೊದಲಾದ ಚಿತ್ರಕಾರರ ಕೆಲಸ ಅಲ್ಲಿ ಅವರ ಮೇಲೆ ಗಾಢ ಪರಿಣಾಮ ಬೀರಿತು. ಅದರಲ್ಲೂ ರಾಥ್ಕೊ. ಮನೆಯೂ ಇಲ್ಲದ, ಮರವೂ ಇಲ್ಲದ, ಬಣ್ಣದ ದೊಡ್ಡ ಹರಹುಗಳಷ್ಟೇ ಇರುವ ಚಿತ್ರ ನೋಡುವವರ ಒಳಗನ್ನು ತಟ್ಟಬಲ್ಲದು ಎಂಬುದನ್ನು ರಜಾ ಅಲ್ಲಿ ಕಂಡರು.

ಅಲ್ಲಿಂದ ಮುಂದೆ ಅವರ ಚಿತ್ರಗಳಲ್ಲಿ ಹಳ್ಳಿಯ ಆಕಾರ ಕರಗುತ್ತ ಬಂತು. ತೈಲವರ್ಣದ ಜಾಗಕ್ಕೆ ಕ್ರಮೇಣ ಅಕ್ರಿಲಿಕ್ ಬಂತು. ಅಕ್ರಿಲಿಕ್ ಬೇಗ ಒಣಗುತ್ತದೆ. ತೈಲವರ್ಣದಂತೆ ದಿನಗಟ್ಟಲೆ ಕಾಯಬೇಕಿಲ್ಲ. ಕುಂಚದ ಓಟಕ್ಕೆ ತಡೆಯಿಲ್ಲದ್ದರಿಂದ ಚಿತ್ರಗಳಲ್ಲಿ ವೇಗ ಹೆಚ್ಚಿತು. ಸಾಮಗ್ರಿ ಬದಲಾದರೆ ಕೈಯ ನಡೆ ಬದಲಾಗುತ್ತದೆ, ಕೈಯ ನಡೆ ಬದಲಾದರೆ ಚಿತ್ರವೂ ಬೇರೆಯಾಗುತ್ತದೆ. ಶೈಲಿಯ ಬಗ್ಗೆ ಮಾತನಾಡುವಾಗ ನಾವು ಭಾವ, ವಿಚಾರಗಳನ್ನಷ್ಟೇ ಎಣಿಸಿ ಈ ಅಂಶವನ್ನು ಮರೆಯುತ್ತೇವೆ.

1970ರ ದಶಕದ ‘ಜಮೀನ್’, ‘ತಪೋವನ’, ‘ಲಾ ಟೆರ್’ ಚಿತ್ರಗಳಲ್ಲಿ ಕಪ್ಪು ಬಣ್ಣ ಕ್ಯಾನ್ವಾಸನ್ನು ಆವರಿಸುತ್ತದೆ. ಅದರ ಸಂದುಗಳಿಂದ ಕೆಂಪು, ಕಿತ್ತಳೆ, ಹಳದಿ ಉರಿಯುತ್ತವೆ. ‘ಲಾ ಟೆರ್’ ಎಂದರೆ ಫ್ರೆಂಚ್‌ನಲ್ಲಿ ಭೂಮಿ, ‘ಜಮೀನ್’ ಎಂದರೂ ಅದೇ. ಫ್ರಾನ್ಸ್‌ನ ಹಳ್ಳಿಗಳನ್ನು ಬರೆಯುತ್ತಿದ್ದವರ ಮನಸ್ಸು ಯಾವ ಭೂಮಿಯತ್ತ ತಿರುಗಿದೆ ಎಂಬುದನ್ನು ಈ ಚಿತ್ರಗಳ ಕಪ್ಪೇ ಹೇಳುತ್ತದೆ. ಮಂಡ್ಲಾದ ಕಾಡಿನ ರಾತ್ರಿ ಪ್ಯಾರಿಸ್‌ನ ಸ್ಟುಡಿಯೊಗೆ ಬಂದಿತ್ತು.

ಕೊರತೆಯ ಅರಿವು, ಊರಿನ ದಾರಿ

ಯುರೋಪಿನ ಚಿತ್ರಭಾಷೆಯಲ್ಲಿ ನಾನು ಪಳಗಿದ್ದೇನೆ, ಆದರೆ ಈ ಚಿತ್ರಗಳಲ್ಲಿ ನಾನೆಲ್ಲಿದ್ದೇನೆ, ನನ್ನ ಭಾರತವೆಲ್ಲಿದೆ ಎಂಬ ಪ್ರಶ್ನೆ ಎಪ್ಪತ್ತರ ದಶಕದಲ್ಲಿ ತಮ್ಮನ್ನು ಕಾಡಿತೆಂದು ರಜಾ ಮುಂದೆ ಹಲವು ಸಲ ಹೇಳಿಕೊಂಡಿದ್ದಾರೆ. ಆ ಪ್ರಶ್ನೆಯನ್ನು ಹೊತ್ತು ಅವರು ಭಾರತಕ್ಕೆ ಮತ್ತೆ ಮತ್ತೆ ಬಂದರು. ಅಜಂತಾ, ಎಲ್ಲೋರ, ಕಾಶಿ, ರಾಜಸ್ಥಾನ, ಗುಜರಾತ್ ಸುತ್ತಿದರು. ಮಧ್ಯಪ್ರದೇಶ ಸರ್ಕಾರದ ಆಹ್ವಾನದ ಮೇಲೆ 1978ರಲ್ಲಿ ಭೋಪಾಲಕ್ಕೂ ಬಂದು ಹೋದರು.

ಈ ತಿರುಗಾಟದಲ್ಲಿ ಅವರಿಗೆ ದೊಡ್ಡ ಪಾಠವಾದದ್ದು ರಾಜಸ್ಥಾನ ಮತ್ತು ಮಾಳವ ಪ್ರದೇಶದ ಹಳೆಯ ಮಿನಿಯೇಚರ್ ಚಿತ್ರಗಳು. ಅವುಗಳಲ್ಲಿ ಚಿತ್ರದ ಮೈಯನ್ನು ಚೌಕಗಳಾಗಿ ಭಾಗ ಮಾಡುತ್ತಾರೆ. ಒಂದು ಭಾಗ ಅಚ್ಚಗೆಂಪು, ಇನ್ನೊಂದು ಅರಿಸಿನ ಹಳದಿ, ಮತ್ತೊಂದು ಕಡುಗಪ್ಪು. ಸುತ್ತ ಪಟ್ಟಿಯ ಅಂಚು. ಬೆಳಕುನೆರಳಿನ ಹಂಗಿಲ್ಲದೆ ಬಣ್ಣವೇ ಋತುವನ್ನು, ಹೊತ್ತನ್ನು, ಭಾವವನ್ನು ಹೇಳುತ್ತದೆ. ರಾಥ್ಕೊ ಅವರಲ್ಲಿ ಕಂಡು ಬೆರಗಾದ ಬಣ್ಣದ ಸ್ವತಂತ್ರ ಶಕ್ತಿ ತಮ್ಮ ನೆಲದ ಚಿತ್ರಕಾರರಿಗೆ ಶತಮಾನಗಳ ಹಿಂದೆಯೇ ತಿಳಿದಿತ್ತೆಂಬುದು ರಜಾ ಕಣ್ಣಿಗೆ ಬಿತ್ತು. ಅಮೆರಿಕ ನೋಡದೆ ಬಂದಿದ್ದರೆ ಆ ಮಿನಿಯೇಚರ್‌ಗಳನ್ನು ಅವರು ಈ ಕಣ್ಣಿನಿಂದ ನೋಡುತ್ತಿದ್ದರೋ ಇಲ್ಲವೋ.

ಬಿಂದು ಚಿತ್ರವನ್ನು ಕಟ್ಟುವ ಬಗೆ

1980ರ ಸುಮಾರಿಗೆ ವೃತ್ತ ಚಿತ್ರದ ಕೇಂದ್ರಕ್ಕೆ ಬಂತು. ಆಮೇಲಿನ ಚಿತ್ರಗಳ ಹೆಸರುಗಳೇ ಅವುಗಳ ಲೋಕವನ್ನು ತೋರುತ್ತವೆ: ಬಿಂದು, ಅಂಕುರಣ, ಪ್ರಕೃತಿ, ಸೂರ್ಯ, ಕುಂಡಲಿನಿ, ಪಂಚತತ್ತ್ವ, ಶಾಂತಿ. ಬಿಂದು ರಜಾ ಅವರಿಗೆ ಬೀಜ. ಎಲ್ಲ ಜೀವವೂ ಅದರಲ್ಲಿ ಅಡಗಿರುತ್ತದೆ, ಎಲ್ಲವೂ ಅಲ್ಲಿಂದ ಮೊಳೆಯುತ್ತದೆ.

ಚಿತ್ರದ ಕಟ್ಟೋಣವನ್ನು ಗಮನಿಸಿದರೆ ನಾಲ್ಕು ಅಂಶಗಳು ಕಾಣುತ್ತವೆ.

ಮೊದಲನೆಯದು ವೃತ್ತ. ಅದು ಸಾಮಾನ್ಯವಾಗಿ ಕಪ್ಪು. ಅದರ ಸುತ್ತ ಕೆಲವೊಮ್ಮೆ ಬೂದು, ಬಿಳಿ ವರ್ತುಲಗಳು ಅಲೆಯಂತೆ ಹರಡುತ್ತವೆ. ಕಪ್ಪು ರಜಾ ಅವರಿಗೆ ಎಲ್ಲ ಬಣ್ಣಗಳ ತಾಯಿ.

ಎರಡನೆಯದು ಚೌಕ ಮತ್ತು ಅಡ್ಡ, ಉದ್ದ ರೇಖೆಗಳು. ವೃತ್ತ ಎತ್ತಲೂ ಸರಿಯದಂತೆ ಇವು ಹಿಡಿದು ನಿಲ್ಲಿಸುತ್ತವೆ.

ಮೂರನೆಯದು ತ್ರಿಕೋನ. ಮೇಲ್ಮುಖ ಮತ್ತು ಕೆಳಮುಖ ತ್ರಿಕೋನಗಳು ಪುರುಷ, ಪ್ರಕೃತಿ ತತ್ತ್ವಗಳನ್ನು ಸೂಚಿಸುತ್ತವೆ. ಪೂಜೆಯ ಯಂತ್ರಗಳನ್ನು ಕಂಡವರಿಗೆ ಇದರ ಪರಿಚಯವಿದೆ.

ನಾಲ್ಕನೆಯದು ಬಣ್ಣದ ಪಟ್ಟಿಗಳು. ಮಣ್ಣಿನ ಕಂದು, ಕುಂಕುಮದ ಕೆಂಪು, ಬಿಸಿಲಿನ ಹಳದಿ, ನೀರಿನ ನೀಲಿ ಪಂಚಭೂತಗಳನ್ನು ನೆನಪಿಸುತ್ತವೆ.

1981ರ ‘ಮಾ’ ಚಿತ್ರದಲ್ಲಿ ದೊಡ್ಡ ಕಪ್ಪು ಬಿಂದುವಿನ ಜೊತೆಗೆ ಹಿಂದಿ ಕವಿ ಅಶೋಕ್ ವಾಜಪೇಯಿಯವರ ಸಾಲೊಂದನ್ನು ರಜಾ ದೇವನಾಗರಿಯಲ್ಲಿ ಬರೆದಿದ್ದಾರೆ. ದೂರ ದೇಶದಿಂದ ತಾಯಿಯನ್ನು ಕುರಿತು ಆಡುವ ಮಾತು ಅದು. ಚಿತ್ರದೊಳಗೆ ಅಕ್ಷರ ಬರುವುದು ನಮ್ಮ ಹಳೆಯ ಹಸ್ತಪ್ರತಿಗಳಿಗೆ ಸಹಜವಾದದ್ದೇ. 1983ರ ‘ಸೌರಾಷ್ಟ್ರ’ ಎರಡು ಮೀಟರ್ ಅಗಲ, ಅಷ್ಟೇ ಎತ್ತರದ ಕ್ಯಾನ್ವಾಸ್. ಹಲವು ಚೌಕಗಳಾಗಿ ಭಾಗವಾದ ಅದರ ಒಂದು ಚೌಕದಲ್ಲಿ ಕಪ್ಪು ಬಿಂದು ಕೂತಿದೆ. ಉಳಿದ ಚೌಕಗಳಲ್ಲಿ ಕುಂಚದ ಓಟ ಎಪ್ಪತ್ತರ ದಶಕದ ರಭಸವನ್ನು ಇನ್ನೂ ಬಿಟ್ಟಿಲ್ಲ. ಎರಡು ಕಾಲಘಟ್ಟಗಳು ಒಂದೇ ಚಿತ್ರದಲ್ಲಿ ಕೈಹಿಡಿದದ್ದನ್ನು ಇಲ್ಲಿ ಕಣ್ಣಾರೆ ನೋಡಬಹುದು. 2010ರಲ್ಲಿ ಲಂಡನ್‌ನ ಹರಾಜಿನಲ್ಲಿ ಇದು 16 ಕೋಟಿ ರೂಪಾಯಿಗೂ ಹೆಚ್ಚು ಬೆಲೆಗೆ ಮಾರಾಟವಾಯಿತು.

ಬೇರೆಯವರೂ ಬರೆದ ವೃತ್ತ

ಬಿಂದು, ತ್ರಿಕೋನ, ಯಂತ್ರಗಳನ್ನು ಆಧುನಿಕ ಚಿತ್ರಕಲೆಗೆ ತಂದವರಲ್ಲಿ ರಜಾ ಮೊದಲಿಗರಲ್ಲ. ಬಿರೇನ್ ಡೇ, ಜಿ.ಆರ್. ಸಂತೋಷ್ ಮೊದಲಾದವರು ಅರವತ್ತು, ಎಪ್ಪತ್ತರ ದಶಕಗಳಲ್ಲೇ ತಂತ್ರದ ಆಕೃತಿಗಳನ್ನು ಆಧರಿಸಿ ಚಿತ್ರಿಸಿದ್ದರು. ಹಾಗಾದರೆ ರಜಾ ಅವರದೇ ಎನ್ನುವಂಥದ್ದು ಏನು?

ಉತ್ತರ ಅವರು ನಡೆದು ಬಂದ ದಾರಿಯಲ್ಲಿದೆ. ಅವರ ಬಿಂದುವಿನ ಕೆಳಗೆ ಸೆಜಾನ್‌ನಿಂದ ಕಲಿತ ಕಟ್ಟೋಣವಿದೆ. ಬಣ್ಣದಲ್ಲಿ ಮೂವತ್ತು ವರ್ಷ ಭೂದೃಶ್ಯ ಬರೆದವರ ಕಣ್ಣಿದೆ. ಆ ಕೆಂಪು ಬರಿಯ ಸಂಕೇತವಲ್ಲ, ಬಿಸಿಲಲ್ಲಿ ಕಾದ ಮಣ್ಣು. ಹರಹುಗಳಲ್ಲಿ ರಾಥ್ಕೊ ಅವರ ಮೌನವಿದೆ, ಅಂಚುಗಳಲ್ಲಿ ಮಾಳವದ ಮಿನಿಯೇಚರ್ ಇದೆ, ಕಪ್ಪಿನಲ್ಲಿ ಮಂಡ್ಲಾದ ರಾತ್ರಿ ಇದೆ. ಆಕಾರ ಎಲ್ಲರಿಗೂ ಸೇರಿದ್ದು, ಅದರೊಳಗೆ ತುಂಬಿದ ಅನುಭವ ಒಬ್ಬರದೇ. 1950ರಲ್ಲೇ ಯಾರಾದರೂ ರಜಾ ಅವರಿಗೆ ಬಿಂದು ಬರೆಯಿರಿ ಎಂದಿದ್ದರೆ ಅವರು ಬರೆಯುತ್ತಿದ್ದದ್ದು ಒಂದು ಕಪ್ಪು ವೃತ್ತ ಮಾತ್ರ ಆಗಿರುತ್ತಿತ್ತು.

ಅದೇ ಮುಂಬಯಿಯಲ್ಲಿ ಇನ್ನೊಂದು ದಾರಿ: ಹೆಬ್ಬಾರ್

ಎಲ್ಲ ಕಲಾವಿದರೂ ಒಂದೇ ಸಂಕೇತಕ್ಕೆ ಬಂದು ನಿಲ್ಲಬೇಕಿಲ್ಲ. ರಜಾ ಮುಂಬಯಿಗೆ ಬಂದಾಗ ಅಲ್ಲಿ ಒಬ್ಬ ಕನ್ನಡಿಗರು ಆಗಲೇ ಹೆಸರು ಮಾಡಿದ್ದರು. ಉಡುಪಿ ಬಳಿಯ ಕಟ್ಟಿಂಗೇರಿಯ ಕೆ.ಕೆ. ಹೆಬ್ಬಾರ್. ಅವರೂ ಜೆ.ಜೆ.ಯಲ್ಲಿ ಕಲಿತವರು, ಅಲ್ಲೇ ಪಾಠ ಹೇಳಿದವರು. 1949–50ರಲ್ಲಿ ಅವರೂ ಪ್ಯಾರಿಸ್‌ಗೆ ಹೋಗಿ ಅಕಾದೆಮಿ ಜೂಲಿಯಾನ್‌ನಲ್ಲಿ ಅಭ್ಯಾಸ ಮಾಡಿದರು.

ಹೆಬ್ಬಾರ್ ಊರಿಗೆ ಮರಳಿದರು. ಅಮೃತಾ ಶೇರ್‌ಗಿಲ್ ಅವರ ಚಿತ್ರಗಳಿಂದಲೂ ಜೈನ ಹಸ್ತಪ್ರತಿಗಳಿಂದಲೂ ಕಲಿತರು. ರೇಖೆಗೆ ಲಯ ಬರಬೇಕೆಂದು ಪಂಡಿತ್ ಸುಂದರ್ ಪ್ರಸಾದ್ ಅವರಲ್ಲಿ ಕಥಕ್ ನೃತ್ಯವನ್ನೇ ಅಭ್ಯಾಸ ಮಾಡಿದರು. ವಸ್ತು ಬದಲಾದಂತೆ ಅವರ ವರ್ಣಚಿತ್ರಗಳ ರೀತಿಯೂ ಬದಲಾಗುತ್ತ ಹೋಯಿತು. ಬದಲಾಗದೆ ಉಳಿದದ್ದು ರೇಖೆಯ ನಡೆ. ನರ್ತಕಿಯ ಮೈಯನ್ನು ಕೆಲವೇ ಎಳೆತಗಳಲ್ಲಿ ಹಿಡಿಯುವ ಅವರ ರೇಖಾಚಿತ್ರಗಳನ್ನು ಬೇರೆ ಯಾರದ್ದೆಂದೂ ತಪ್ಪು ತಿಳಿಯಲಾಗದು. ರಜಾ ಅವರ ಗುರುತು ಚಿತ್ರದ ಕೇಂದ್ರದಲ್ಲಿ, ಹೆಬ್ಬಾರರ ಗುರುತು ಮಣಿಕಟ್ಟಿನ ಚಲನೆಯಲ್ಲಿ. ಬೆಂಗಳೂರಿನ ವೆಂಕಟಪ್ಪ ಚಿತ್ರಶಾಲೆಯ ಸಂಗ್ರಹದಲ್ಲಿರುವ ಹೆಬ್ಬಾರರ ಚಿತ್ರಗಳನ್ನು ಈ ದೃಷ್ಟಿಯಿಂದ ನೋಡುವುದು ಕನ್ನಡಿಗರಿಗೆ ಸುಲಭ.

ಶೈಲಿ ನೆಲೆಯಾದ ಮೇಲಿನ ಅಪಾಯ

ಸ್ವಂತ ಶೈಲಿ ಸಿಕ್ಕಿತೆಂದರೆ ಹುಡುಕಾಟ ಮುಗಿಯಿತು ಎನ್ನುವಂತಿಲ್ಲ. ರಜಾ ಮುಂದಿನ ಮೂರು ದಶಕಗಳಿಗೂ ಹೆಚ್ಚು ಕಾಲ ಬಿಂದುವನ್ನೇ ಚಿತ್ರಿಸಿದರು. ಜಪದಲ್ಲಿ ಒಂದೇ ಹೆಸರನ್ನು ಮತ್ತೆ ಮತ್ತೆ ಹೇಳುವುದಕ್ಕೆ ಅವರು ಇದನ್ನು ಹೋಲಿಸುತ್ತಿದ್ದರು. ಮರಳಿ ಹೇಳಿದಷ್ಟೂ ಆಳಕ್ಕೆ ಇಳಿಯಬಹುದೆಂಬುದು ಅವರ ನಂಬಿಕೆ.

ವಿಮರ್ಶಕರಲ್ಲಿ ಎಲ್ಲರೂ ಇದನ್ನು ಒಪ್ಪಲಿಲ್ಲ. ಕೊನೆಯ ವರ್ಷಗಳ ಚಿತ್ರಗಳಲ್ಲಿ ಜ್ಯಾಮಿತಿ ಅಚ್ಚುಕಟ್ಟಾಯಿತು, ಎಂಬತ್ತರ ದಶಕದ ಕುಂಚದ ಬಿಸಿ ಆರಿತು ಎಂಬ ಆಕ್ಷೇಪವಿದೆ. ನನಗೂ ‘ಸೌರಾಷ್ಟ್ರ’ದಂಥ ಚಿತ್ರಗಳೇ ಹೆಚ್ಚು ಜೀವಂತವೆನಿಸುತ್ತವೆ. ಅಲ್ಲಿ ಬಿಂದು ಸುತ್ತಲಿನ ಬಿರುಗಾಳಿಯೊಂದಿಗೆ ಗುದ್ದಾಡಿ ತನ್ನ ಜಾಗ ಪಡೆಯುತ್ತದೆ. ಮುಂದಿನ ಹಲವು ಚಿತ್ರಗಳಲ್ಲಿ ಆ ಜಾಗ ಅದಕ್ಕೆ ಮೊದಲೇ ಕಾದಿರಿಸಿದಂತಿದೆ. ಆದರೂ ಎಂಬತ್ತು ದಾಟಿದ ಮೇಲೂ ದಿನವೂ ಕ್ಯಾನ್ವಾಸಿನ ಮುಂದೆ ಕೂತ ಆ ನಿಷ್ಠೆಗೆ ತಲೆಬಾಗಲೇಬೇಕು.

ಗುರುತು ಪ್ರಸಿದ್ಧವಾದಂತೆ ನಕಲಿಗಳೂ ಹುಟ್ಟುತ್ತವೆ. 2009ರಲ್ಲಿ ದೆಹಲಿಯ ಪ್ರದರ್ಶನವೊಂದಕ್ಕೆ ಹೋದ ರಜಾ, ತಮ್ಮ ಹೆಸರಿನಲ್ಲಿ ತೂಗುಹಾಕಿದ್ದ ಅನೇಕ ಚಿತ್ರಗಳು ತಮ್ಮವಲ್ಲವೆಂದು ತಾವೇ ಕಂಡುಹಿಡಿದರು.

ಕೊನೆಯ ವರ್ಷಗಳು

2002ರಲ್ಲಿ ಜಾನೀನ್ ತೀರಿಕೊಂಡರು. ಅರವತ್ತು ವರ್ಷ ಫ್ರಾನ್ಸ್‌ನಲ್ಲಿ ಬದುಕಿದ ರಜಾ 2010ರ ಕೊನೆಗೆ ದೆಹಲಿಗೆ ಮರಳಿ ನೆಲೆಸಿದರು. ಯುವ ಕಲಾವಿದರು, ಕವಿಗಳು, ಸಂಗೀತಗಾರರು, ನೃತ್ಯಗಾರರಿಗೆ ನೆರವಾಗಲೆಂದು 2001ರಲ್ಲೇ ರಜಾ ಪ್ರತಿಷ್ಠಾನವನ್ನು ಸ್ಥಾಪಿಸಿದ್ದರು. 1981ರಲ್ಲಿ ಪದ್ಮಶ್ರೀ, 2007ರಲ್ಲಿ ಪದ್ಮಭೂಷಣ, 2013ರಲ್ಲಿ ಪದ್ಮವಿಭೂಷಣ ಸಂದವು. 2016ರ ಜುಲೈ 23ರಂದು ದೆಹಲಿಯಲ್ಲಿ ನಿಧನರಾದರು. ಅವರ ಇಚ್ಛೆಯಂತೆ ಮಂಡ್ಲಾದಲ್ಲಿ ತಂದೆಯ ಸಮಾಧಿಯ ಪಕ್ಕದಲ್ಲೇ ಮಣ್ಣುಮಾಡಲಾಯಿತು. 2023ರಲ್ಲಿ ಪ್ಯಾರಿಸ್‌ನ ಪಾಂಪಿದು ಕೇಂದ್ರ ಅವರ ಇಡೀ ಬದುಕಿನ ಕೆಲಸವನ್ನು ಒಂದೆಡೆ ಸೇರಿಸಿ ದೊಡ್ಡ ಪ್ರದರ್ಶನ ನಡೆಸಿತು.

ಕಲಿಯುವವರಿಗೆ ಈ ದಾರಿ ಹೇಳುವುದೇನು

ಇಂದಿನ ಯುವ ಚಿತ್ರಕಾರರ ಮೇಲೆ ಬೇಗ ಗುರುತಿಸಿಕೊಳ್ಳಬೇಕೆಂಬ ಒತ್ತಡ ದೊಡ್ಡದು. ಕಲಾಶಾಲೆ ಮುಗಿಯುವುದರೊಳಗೆ ‘ನಿನ್ನ ಸ್ಟೈಲ್ ಯಾವುದು’ ಎಂಬ ಪ್ರಶ್ನೆ ಬರುತ್ತದೆ. ಉತ್ತರ ಬೇಗ ಬೇಕೆಂಬ ಆತುರದಲ್ಲಿ ಒಂದು ಆಕಾರವನ್ನೋ ಒಂದು ಬಣ್ಣದ ಜೋಡಣೆಯನ್ನೋ ಆರಿಸಿಕೊಂಡು ಅದನ್ನೇ ಮುಂದುವರಿಸುವವರು ಹಲವರು. ರಜಾ ಅವರ ಬದುಕು ಇದಕ್ಕೆ ಬೇರೆಯದೇ ಉತ್ತರ ಕೊಡುತ್ತದೆ.

ಎದುರಿಗಿದ್ದದ್ದನ್ನು ಮೊದಲು ಶ್ರದ್ಧೆಯಿಂದ ಬರೆಯಿರಿ. ಬಲ್ಲವರು ಕೊರತೆ ತೋರಿಸಿದರೆ ಅದನ್ನು ಕಲಿಯಲು ಹೊರಡಿ. ಬೇರೆಯವರಿಂದ ಪಡೆಯಲು ಅಂಜಬೇಡಿ. ರಜಾ ಸೆಜಾನ್‌ನಿಂದ ಪಡೆದರು, ರಾಥ್ಕೊ ಅವರಿಂದ ಪಡೆದರು, ಹೆಸರೇ ತಿಳಿಯದ ಮಾಳವದ ಚಿತ್ರಕಾರರಿಂದಲೂ ಪಡೆದರು. ಗೆದ್ದ ಮೇಲೂ ಇದು ನನ್ನದೇ ಹೌದೇ ಎಂದು ಕೇಳಿಕೊಳ್ಳಿ. ಆ ಪ್ರಶ್ನೆಗೆ ಪ್ರಾಮಾಣಿಕ ಉತ್ತರ ಹುಡುಕುವಾಗ, ಅಲ್ಲಿಯವರೆಗೆ ಕಲಿತದ್ದೆಲ್ಲ ಒಂದು ಕೇಂದ್ರದ ಸುತ್ತ ಕೂಡಿಕೊಳ್ಳುತ್ತದೆ. ಶೈಲಿ ಎಂದು ನಾವು ಕರೆಯುವುದು ಆ ಕೂಡಿಕೆಯನ್ನು. ಅದಕ್ಕೆ ಇಷ್ಟೇ ವರ್ಷ ಎಂಬ ಲೆಕ್ಕವಿಲ್ಲ.

ನೋಡುವವರಿಗೂ ಒಂದು ಮಾತು. ರಜಾ ಅವರ ಬಿಂದುವೊಂದನ್ನು ಕಂಡಾಗ ಅಲ್ಲಿಗೇ ನಿಲ್ಲದೆ, 1940ರ ದಶಕದ ಮುಂಬಯಿಯ ಜಲವರ್ಣ, 1951ರ ಗುಡ್ಡದೂರು, 1956ರ ಸುಮಾರಿನ ದಪ್ಪ ಬಣ್ಣದ ಹಳ್ಳಿ, 1973ರ ‘ಲಾ ಟೆರ್’, 1983ರ ‘ಸೌರಾಷ್ಟ್ರ’ಗಳ ಮುದ್ರಿತ ಪ್ರತಿಗಳನ್ನಾದರೂ ಕಾಲಕ್ರಮದಲ್ಲಿ ಪಕ್ಕಪಕ್ಕ ಇಟ್ಟು ನೋಡಿ. ಒಂದೊಂದು ಚಿತ್ರವೂ ಹಿಂದಿನದರಿಂದ ಏನನ್ನು ಉಳಿಸಿಕೊಂಡಿತು, ಏನನ್ನು ಬಿಟ್ಟಿತು ಎಂದು ಪಟ್ಟಿ ಮಾಡಿ. ಒಬ್ಬ ಕಲಾವಿದರನ್ನು ಹೀಗೆ ಓದಲು ಕಲಿತರೆ ಉಳಿದವರನ್ನು ಓದುವ ಕಣ್ಣೂ ತಾನಾಗಿ ಬರುತ್ತದೆ.